ಅಪ್ಪನ ಕಾಲ ಬಳಿ ಬಿದ್ದ ಬಿಲ್ಲೆ

ಹೋದ ತಿಂಗಳು ಧಾರವಾಡದಿಂದ ಅಪ್ಪ ಬಂದಿದ್ದರು. ಬೆಳಿಗ್ಗೆ ಚಹಾ ಕುಡಿದು, ಪೇಪರ್ ಹಿಡಿದು ಹಾಲ್‌ನಲ್ಲಿ ಕೂತಿದ್ದರು. ಪಕ್ಕದಲ್ಲೇ ಮಗ ಡಂಬೆಲ್ ಎತ್ತುತ್ತಿದ್ದ. ತಲೆ ಮೇಲಿಂದ ಕೆಳಗಿಳಿಸುವಾಗ ಒಂದು ಕಬ್ಬಿಣದ ಬಿಲ್ಲೆ ಕಳಚಿ ಧಡ್ ಅಂತ ಬಿತ್ತು. ಅಪ್ಪನ ಹೆಬ್ಬೆರಳಿಗೂ ಅದಕ್ಕೂ ಒಂದು ಗೇಣು ದೂರ ಇರಲಿಲ್ಲ. ಟೈಲ್ಸ್ ಬಿರುಕು ಬಿಟ್ಟಿತು. ಅಪ್ಪ ಕಾಲು ಮೇಲೆತ್ತಿಕೊಂಡು, "ಏನವಾ, ಬಿಲ್ಲೆ ಹಿಂಗ ಕಳಚಿ ಬೀಳತದ? ಇದು ಮನಿಯಾಗ ಇಟ್ಕೊಳ್ಳೋ ಸಾಮಾನೇನು?" ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಆ ಡಂಬೆಲ್ ತಂದವಳು ನಾನೇ. ಪುಣೆಯ ಕೋಥ್ರೂಡಿನ ನಮ್ಮ ಫ್ಲ್ಯಾಟಿನಲ್ಲಿ ಜಾಗ ಕಡಿಮೆ. ಒಂದೇ ಹಿಡಿಕೆಯಲ್ಲಿ ತೂಕ ಹೆಚ್ಚು ಕಡಿಮೆ ಮಾಡುವಂಥದ್ದು ಸಿಕ್ಕರೆ ಒಳ್ಳೇದು ಅನಿಸಿತ್ತು. ಅಮೆರಿಕದಿಂದ ವಾಪಸ್ ಬಂದ ಬಾಣೇರಿನ ಒಂದು ಕುಟುಂಬ ಮನೆ ಬದಲಾಯಿಸುವಾಗ ಮಾರುತ್ತಿತ್ತು. 9 ಸಾವಿರಕ್ಕೆ ಜೋಡಿ. ಕಂಟೇನರಿನಲ್ಲಿ ಬಂದ ಸಾಮಾನು, ಫಾರಿನ್ ಮಾಲು, ಗಟ್ಟಿಯೇ ಇರುತ್ತದೆ ಅಂತ ನಂಬಿದೆ.

ಮಧ್ಯಾಹ್ನ ಅದನ್ನು ನೆಲದ ಮೇಲಿಟ್ಟು ಸರಿಯಾಗಿ ನೋಡಿದೆ. ಎರಡೂ ತುದಿಯಲ್ಲಿ ನಂಬರು ಇರುವ ತಿರುಪು ಇದೆ. ಎಷ್ಟಕ್ಕೆ ತಿರುಗಿಸುತ್ತೇವೋ ಅಷ್ಟು ಬಿಲ್ಲೆಗಳು ಹಿಡಿಕೆಗೆ ಕಚ್ಚಿಕೊಳ್ಳುತ್ತವೆ, ಉಳಿದವು ಕೆಳಗಿನ ತಟ್ಟೆಯಲ್ಲೇ ಉಳಿಯುತ್ತವೆ. ಈ ಕಚ್ಚಿಕೊಳ್ಳುವ ಕೆಲಸ ಮಾಡುವುದು ಒಂದು ಸಣ್ಣ ಹಲ್ಲು. ಪ್ಲಾಸ್ಟಿಕ್ಕಿನದು, ನನ್ನ ಕಿರುಬೆರಳಿನ ಉಗುರಿನಷ್ಟು. ನಮ್ಮದರಲ್ಲಿ ಅದು ಬುಡದಲ್ಲಿ ಬೆಳ್ಳಗಾಗಿ ಬಾಗಿತ್ತು. ಅಷ್ಟೊಂದು ಕಬ್ಬಿಣ ನಿಂತಿದ್ದು ಅದರ ಮೇಲೆ.

ಆಮೇಲೆ ಹುಡುಕಿದೆ. ರೀಕಾಲ್ ಅಂತ ಒಂದು ವ್ಯವಸ್ಥೆ ಇದೆ, ಅಲ್ವಾ? ಮಾರಿದ ಸಾಮಾನಿನಲ್ಲಿ ದೋಷ ಕಂಡರೆ ಕಂಪನಿಯೇ ಅದನ್ನು ವಾಪಸ್ ಕರೆಯುವುದು, ಬದಲಿ ಕೊಡುವುದು ಇಲ್ಲವೇ ದುಡ್ಡು ಕೊಡುವುದು. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಬೋಫ್ಲೆಕ್ಸ್ 552 ಮತ್ತು 1090 ಅನ್ನುವ ಇಂಥದ್ದೇ ಡಂಬೆಲ್‌ಗಳನ್ನು ವಾಪಸ್ ಕರೆದರು. ಸುಮಾರು 38 ಲಕ್ಷ! ಎತ್ತುವಾಗ ಬಿಲ್ಲೆ ಕಳಚುತ್ತದೆ ಅನ್ನುವುದೇ ಕಾರಣ. ಮುನ್ನೂರಕ್ಕೂ ಹೆಚ್ಚು ದೂರು, 111 ಜನಕ್ಕೆ ಪೆಟ್ಟು. ಕೆಲವರ ಕಾಲ್ಬೆರಳು ಮುರಿದಿತ್ತು, ಕೆಲವರ ತಲೆಗೆ ಏಟಾಗಿತ್ತು. 2004ರಿಂದ ಮಾರಾಟ ಆಗುತ್ತಿದ್ದ ಮಾಲು ಅದು. ಇಪ್ಪತ್ತು ವರ್ಷದಲ್ಲಿ ಎಷ್ಟು ಕೈ ದಾಟಿರಬೇಕು, ಯೋಚಿಸಿ.

ನಮ್ಮದು ಆ ಕಂಪನಿಯದಲ್ಲ. ನಮ್ಮ ಮಾಡೆಲ್ ನಂಬರು ಯಾವ ರೀಕಾಲ್ ಪಟ್ಟಿಯಲ್ಲೂ ಸಿಗಲಿಲ್ಲ. ಆದರೂ ಮಾರಿದವರಿಗೆ ಫೋನ್ ಮಾಡಿದೆ. ಪಾಪ, ಅವರೂ ಗಾಬರಿಯಾದರು. ಕೊಂಡಾಗ ಕಂಪನಿಯಲ್ಲಿ ರಿಜಿಸ್ಟರ್ ಮಾಡಿದ್ದರಂತೆ, ಅಮೆರಿಕದ ವಿಳಾಸಕ್ಕೆ, ಹಳೆ ಆಫೀಸಿನ ಇಮೇಲ್‌ಗೆ. ಆ ಇಮೇಲ್ ಬಂದ್ ಆಗಿ ಎರಡು ವರ್ಷ. ಅಂದರೆ ನಾಳೆ ಇದಕ್ಕೂ ರೀಕಾಲ್ ಆದರೆ ಕಾಗದ ಯಾರೋ ಬೇರೆಯವರು ಇರುವ ಮನೆಗೆ ಹೋಗುತ್ತದೆ. ಡಂಬೆಲ್ ಮಾತ್ರ ಕೋಥ್ರೂಡಿನಲ್ಲಿ ನನ್ನ ಮಗನ ತಲೆ ಮೇಲೆ ಇರುತ್ತದೆ. ನನ್ನನ್ನು ಕಾಡಿದ್ದು ಇದೇ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬೆಲೆ ಕೇಳುತ್ತೇವೆ, ತುಕ್ಕು ನೋಡುತ್ತೇವೆ. ಮಾಡೆಲ್ ನಂಬರು ಯಾರು ನೋಡುತ್ತಾರೆ?

ನಮ್ಮಲ್ಲೂ ಕಾನೂನು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ 2020ರಲ್ಲಿ ಒಂದು ಕೇಂದ್ರ ಪ್ರಾಧಿಕಾರ ಬಂತು. ಅಪಾಯದ ಸಾಮಾನನ್ನು ವಾಪಸ್ ಕರೆಸುವ ಅಧಿಕಾರ ಅದಕ್ಕಿದೆ. 2022ರಲ್ಲಿ ಒಂದು ದೊಡ್ಡ ಆನ್‌ಲೈನ್ ಅಂಗಡಿ ಮಾರಿದ 2,265 ಪ್ರೆಶರ್ ಕುಕ್ಕರ್‌ಗಳನ್ನು ವಾಪಸ್ ತರಿಸಿ ದುಡ್ಡು ಕೊಡಿ ಅಂತ ಆದೇಶ ಮಾಡಿತ್ತು. ದೂರು ಹೇಳಲು 1915 ನಂಬರೂ ಇದೆ. ಆದರೆ ಅಲ್ಲೂ ತಿಳಿಸಬೇಕಾದದ್ದು ಕೊಂಡವರಿಗೆ. ಅವರ ಕೈಯಿಂದ ತಂದವರಿಗೆ ನಾವೇ ಹೇಳಬೇಕು.

ಇದೇ ತಲೆಯಲ್ಲಿಟ್ಟುಕೊಂಡು ಸೊಸೈಟಿ ಜಿಮ್ಮಿಗೆ ಹೋದೆ. ಟ್ರೆಡ್‌ಮಿಲ್‌ಗೆ ಒಂದು ಕೆಂಪು ಕೀಲಿ ಇರುತ್ತದೆ. ಅದರ ದಾರವನ್ನು ಬಟ್ಟೆಗೆ ಸಿಕ್ಕಿಸಿಕೊಂಡರೆ, ನಾವು ಜಾರಿದಾಗ ಕೀಲಿ ಕಿತ್ತು ಮಷೀನು ನಿಲ್ಲುತ್ತದೆ. ನಮ್ಮ ಜಿಮ್ಮಿನಲ್ಲಿ ದಾರ ಕತ್ತರಿಸಿ, ಕೀಲಿಯನ್ನು ಸೆಲ್ಲೋ ಟೇಪಿನಲ್ಲಿ ಅಂಟಿಸಿಬಿಟ್ಟಿದ್ದರು. "ಕಳೆದು ಹೋಗುತ್ತೆ ತಾಯಿ" ಅಂದರು ಶೆಟ್ರು, ನಮ್ಮ ಸೆಕ್ರೆಟರಿ. ಸಂಜೆ ಹೊತ್ತು ಅಲ್ಲೇ ಮಕ್ಕಳು ಚೆಂಡಾಡುತ್ತವೆ. ಅಮೆರಿಕದ ಪೆಲೊಟಾನ್ ಕಂಪನಿಯ ಟ್ರೆಡ್ ಪ್ಲಸ್ ಅನ್ನುವ ಟ್ರೆಡ್‌ಮಿಲ್‌ನ 2021ರ ಕಥೆಯನ್ನು ಅವರಿಗೆ ಹೇಳಿದೆ. ಮಕ್ಕಳು, ನಾಯಿ, ಚೆಂಡು ಬೆಲ್ಟಿನ ಹಿಂಬದಿಯಿಂದ ಅಡಿಗೆ ಎಳೆದುಕೊಂಡು ಹೋದ 72 ದೂರುಗಳು. ಒಂದು ಮಗು ಸತ್ತಿತ್ತು. ಅಲ್ಲಿನ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗ ಎಚ್ಚರಿಸಿದಾಗ ಕಂಪನಿ ಮೊದಲು ಒಪ್ಪಲೇ ಇಲ್ಲ. ಆಮೇಲೆ ಸುಮಾರು 1.25 ಲಕ್ಷ ಮಷೀನು ವಾಪಸ್ ಕರೆದು, ತಪ್ಪಾಯಿತು ಅಂತು. ಶೆಟ್ರು ಕೇಳಿ ಸುಮ್ಮನಾದರು. ಮಾರನೇ ದಿನ ಟೇಪ್ ಕಿತ್ತಿದ್ದರು, ಹೊಸ ದಾರ ಕಟ್ಟಿದ್ದರು. ಮಷೀನಿನ ಹಿಂದೆ ಗೋಡೆಗೆ ತಾಗಿಸಿಟ್ಟಿದ್ದ ಬೆಂಚನ್ನೂ ಸರಿಸಿದ್ದರು.

ಡಂಬೆಲ್ ಮಾರಿಬಿಡು, ಅರ್ಧ ದುಡ್ಡಾದರೂ ಬರುತ್ತೆ ಅಂದರು ನಮ್ಮ ಮನೆಯವರು. ನಾನು ಒಪ್ಪಲಿಲ್ಲ. ಇನ್ನೊಂದು ಮನೆಗೆ ಅದು ಹೋಗಬಾರದು. ಭಾನುವಾರ ಭಂಗಾರವಾಲಾ, ಅಂದರೆ ಗುಜರಿಯವನು, ಬಂದಾಗ ಅವನೂ ಹಿಡಿಕೆ ನೋಡಿ, ಚೆನ್ನಾಗಿದೆಯಲ್ಲ, ಇಟ್ಟುಕೊಳ್ಳಲೇ ಅಂತ ಕೇಳಿದ. ಅವನ ಎದುರಿಗೇ ಮಗನ ಕೈಯಲ್ಲಿ ಸುತ್ತಿಗೆ ಕೊಟ್ಟು ಎರಡೂ ತಿರುಪು ಒಡೆಸಿದೆ. ಉಳಿದದ್ದು ಕಬ್ಬಿಣದ ತೂಕಕ್ಕೆ ಹೋಯಿತು.