ಮಗಳ ಮನೆಗೆ ಕಳಿಸುವ ಕಾಯಿ

ನಾನು ಒಂದು ರೈತ ಉತ್ಪಾದಕ ಕಂಪನಿಯಲ್ಲಿ ಕ್ಷೇತ್ರಾಧಿಕಾರಿ. ಹುಬ್ಬಳ್ಳಿಯಿಂದ ದಿನಾ ಬೈಕ್ ಮೇಲೆ ಕುಂದಗೋಳ ಕಡೆಯ ಹಳ್ಳಿಗಳಿಗೆ ಹೋಗಿ, ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರ ಜೊತೆ ಕೆಲಸ ಮಾಡುತ್ತೇನೆ. ಮೂರು ಸುಗ್ಗಿ ಒಂದೇ ಮಾತಿಗೆ ಗುದ್ದಾಡಿದೆ: ಚೀಲ ತುಂಬುವ ಮುಂಚೆ ಕಾಯಿಗೆ ನೀರು ಹೊಡೆಯಬೇಡಿ.

ನೀರು ಹೊಡೆಯುವುದಕ್ಕೂ ಕಾರಣವಿದೆ. ಚೆನ್ನಾಗಿ ಒಣಗಿದ ಕಾಯಿ ಹಪ್ಪಳದ ಹಾಗೆ. ಚೀಲದೊಳಗೆ ಇಳಿದು ತುಳಿದು ತುಂಬುವಾಗ ಮುರಿಯುತ್ತದೆ, ಬೀಜ ಉದುರುತ್ತದೆ, ಘಾಟಿಗೆ ಆಳುಗಳು ಕೆಮ್ಮಿ ಕೆಮ್ಮಿ ಹೊರಗೆ ಓಡುತ್ತಾರೆ. ಮುರಿದ ಕಾಯಿಗೆ ಪೇಟೆಯಲ್ಲಿ ದರ ಬೀಳುತ್ತದೆ. ಹೊಲಕ್ಕೆ ಔಷಧ ಹೊಡೆಯುವ ಪಂಪನ್ನೇ ಬೆನ್ನಿಗೆ ಹಾಕಿಕೊಂಡು ನೀರು ಚಿಮುಕಿಸಿದರೆ ಕಾಯಿ ಮೆತ್ತಗಾಗುತ್ತದೆ, ತೂಕವೂ ಒಂದಿಷ್ಟು ಏರುತ್ತದೆ. ಆದರೆ ಆ ತೇವ ಚೀಲದೊಳಗೇ ಉಳಿದರೆ ಬೂಸ್ಟು ಹಿಡಿಯುತ್ತದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಅಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡಬಹುದು. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಯುರೋಪಿಗೆ ಹೋಗುವ ಒಣಮೆಣಸಿನಕಾಯಿಯಲ್ಲಿ ಇದು ಕೆಜಿಗೆ ಒಟ್ಟು 10 ಮೈಕ್ರೋಗ್ರಾಂ ದಾಟುವಂತಿಲ್ಲ.

ಮೊದಲ ಸುಗ್ಗಿಯಲ್ಲಿ ಇದನ್ನೆಲ್ಲ ಪರದೆ ಕಟ್ಟಿ ಹೇಳಿದೆ. 2011ರಲ್ಲಿ ನಮ್ಮ ಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದ್ದು, ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಬಳಸುವುದು, ಎಲ್ಲವನ್ನೂ. ತಲೆ ಆಡಿಸಿದರು, ಮನೆಗೆ ಹೋಗಿ ನೀರು ಹೊಡೆದರು. ಎರಡನೇ ಸುಗ್ಗಿಗೆ ತಾಡಪತ್ರಿ ಕೊಟ್ಟೆವು, ನೀರು ಮುಟ್ಟದ ಕಾಯಿಗೆ ಕ್ವಿಂಟಲ್ ಲೆಕ್ಕದಲ್ಲಿ ಬೋನಸ್ ಕೊಟ್ಟೆವು. ಆ ವರ್ಷ ಪಂಪು ಮೂಲೆ ಸೇರಿತು. ಮರುವರ್ಷ ಬೋನಸ್ಸಿಗೆ ದುಡ್ಡು ಹೊಂದಲಿಲ್ಲ, ಪಂಪು ಮತ್ತೆ ಬೆನ್ನಿಗೇರಿತು. ದುಡ್ಡು ಕೊಟ್ಟಷ್ಟು ದಿನ ಅದು ಕಂಪನಿಯ ಕೆಲಸವಾಗಿತ್ತು, ಅವರದಾಗಿರಲಿಲ್ಲ. ನಾನು ಸಿಟ್ಟಿನಲ್ಲಿ ವರದಿಯಲ್ಲಿ ಬರೆದೆ: 'ರೈತರಲ್ಲಿ ಅರಿವಿನ ಕೊರತೆ ಇದೆ.' ಆ ಸಾಲು ನೆನಪಾದಾಗಲೆಲ್ಲ ಈಗಲೂ ಚುಚ್ಚುತ್ತದೆ.

ಅದೇ ಫೆಬ್ರವರಿಯಲ್ಲಿ ಒಂದು ಮನೆಯಲ್ಲಿ ಯಜಮಾನರನ್ನು ಕಾಯುತ್ತಾ ಮಾಳಿಗೆ ಹತ್ತಿದೆ. ಅವರ ತಾಯಿ ಹಳೆಯ ಧೋತರ ಹಾಸಿ, ಸಣ್ಣದೊಂದು ರಾಶಿ ಹರವಿಕೊಂಡು ಕೂತಿದ್ದರು. ಒಂದೊಂದೇ ಕಾಯಿ ಎತ್ತಿ, ಬಟ್ಟೆಯಿಂದ ಒರೆಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಬೀಜ ಗಲಗಲ ಅಂದರೆ ಬುಟ್ಟಿಗೆ, ಇಲ್ಲವಾದರೆ ಮತ್ತೆ ಬಿಸಿಲಿಗೆ.

'ಇದು ಯಾರಿಗ್ರೀ ಯವ್ವಾ?'

'ಮಗಳ ಮನೀಗೆ ನಾಕ ಸೇರು ಕಳಸಬೇಕು.'

'ಇದಕ್ಕ ನೀರು ಹೊಡ್ಯಾಂಗಿಲ್ಲೇನ್ರೀ?'

'ಹುಚ್ಚದೀಯೇನೋ ತಮ್ಮಾ? ಬೂಸ್ಟು ಹಿಡೀತೈತಿ. ಸಣ್ಣ ಮೊಮ್ಮಕ್ಕಳು ತಿನ್ನೂದಿದು.'

ನನಗೆ ಮಾತೇ ಹೊರಡಲಿಲ್ಲ. ಮೂರು ವರ್ಷ ನಾನು ಕಲಿಸಲು ಹೊರಟಿದ್ದನ್ನು ಆ ತಾಯಿ ನನಗಿಂತ ಚೆನ್ನಾಗಿ ಬಲ್ಲರು. ಕೆಳಗೆ ಅಂಗಳದಲ್ಲಿ ಅದೇ ಹೊಲದ ಕಾಯಿ, ಪಕ್ಕದಲ್ಲೇ ಪಂಪು.

ಮುಂದಿನ ಸಭೆಗೆ ಪರದೆ ಒಯ್ಯಲಿಲ್ಲ. ಅಲ್ಲಿವರೆಗೆ ಪಹಣಿಯಲ್ಲಿ ಹೆಸರಿದ್ದ ಗಂಡಸರನ್ನೇ ಕರೆಯುತ್ತಿದ್ದೆ. ಕಾಯಿ ಬಿಡಿಸುವವರು, ಆರಿಸುವವರು ಹೆಣ್ಣುಮಕ್ಕಳು ಅನ್ನುವುದು ಕಣ್ಣೆದುರೇ ಇದ್ದರೂ. ಈ ಸಲ ಅವರನ್ನೂ ಕರೆದೆ, ಮನೆಗೆ ಇಟ್ಟುಕೊಂಡ ಕಾಯಿ ಒಂದೊಂದು ಹಿಡಿ ತರಲು ಹೇಳಿದೆ. ಪೇಪರ್ ಹಾಸಿ ಅದನ್ನಿಟ್ಟು, ಪಕ್ಕಕ್ಕೆ ಅದೇ ಊರಿನ ಚೀಲದಿಂದ ತೆಗೆದ ಹಿಡಿ ಸುರಿದು, ಕೇಳಿದೆ: 'ಈ ಚೀಲದ್ದು ಯಾರ ಮನೀಗೆ ಹೋಗತೈತ್ರೀ?'

ತುಸು ಹೊತ್ತಾದ ಮೇಲೆ ಒಬ್ಬರು ತಲೆ ತಗ್ಗಿಸಿಕೊಂಡೇ ಅಂದರು, 'ನಮ್ಮ ಹುಡುಗ ಬೆಂಗಳೂರಾಗ ಮೆಸ್ಸಿನ್ಯಾಗ ಉಣತಾನ್ರೀ. ಅಲ್ಲಿ ಖಾರಪುಡಿ ಎಲ್ಲಿಂದ ಬರತೈತೋ ಏನೋ.'

ನಾನು ಸೇರಿಸಬೇಕಾದದ್ದು ಏನೂ ಉಳಿದಿರಲಿಲ್ಲ.

ಹಾಗಂತ ಮನಸ್ಸು ಕರಗಿದ ಮಾತ್ರಕ್ಕೆ ಕಾಯಿ ಮುರಿಯುವುದು ನಿಲ್ಲುವುದಿಲ್ಲ. ಅದಕ್ಕೂ ದಾರಿ ತೋರಿಸಿದವರು ಹೆಣ್ಣುಮಕ್ಕಳೇ. ಬೆಳಗಿನ ಜಾವದ ತಂಪಿಗೆ ಕಾಯಿ ತಾನಾಗಿಯೇ ತುಸು ಬಾಗುತ್ತದೆ, ಬಿಸಿಲೇರುವ ಮುಂಚೆ ತುಂಬೋಣ, ತುಳಿಯದೆ ಕೈಯಿಂದ ಒತ್ತೋಣ ಅಂದರು. ಮೀಟರ್ ಇಟ್ಟು ನೋಡಿದೆ, ತೇವಾಂಶ ಶೇ. 11ರ ಆಸುಪಾಸಿನಲ್ಲೇ ಇತ್ತು. ಚೀಲಕ್ಕೆ ಹಿಡಿಯುವುದು ಕಡಿಮೆಯಾಯಿತು, ಚೀಲ ಹೆಚ್ಚು ಬೇಕಾದವು. ಬೋನಸ್ ಬದಲು ಚೀಲ ಕೊಡಿಸಿ ಎಂದು ಕಂಪನಿಯಲ್ಲಿ ಹಟ ಹಿಡಿದೆ, ಕೊಟ್ಟರು. ಆ ವರ್ಷ ಬೆರಳೆಣಿಕೆಯ ಮನೆಗಳು ಹೀಗೆ ತುಂಬಿದವು. ಅದರ ಮರುವರ್ಷ ನಾನು ಹೇಳದೆಯೇ ಅಕ್ಕಪಕ್ಕದವರೂ ಬೆಳಗಿನ ಜಾವ ಲೈಟು ಹಾಕಿಕೊಂಡು ಕೂತಿದ್ದರು.

ನೀರು ಹೊಡೆಯುವ ಮನೆಗಳು ಇನ್ನೂ ಇವೆ. ಅಲ್ಲಿಗೆ ಹೋದಾಗ ಈಗ ಮೀಟರ್ ಹೊರಗೆ ತೆಗೆಯುವುದಿಲ್ಲ. ಚಹಾ ಕುಡಿದು, ಮೊದಲು ಕೇಳುತ್ತೇನೆ: 'ಮನೀ ಕಾಯಿ ಎಲ್ಲಿ ಹಾಕೀರಿ?' ಮಾಳಿಗೆ ಹತ್ತಿಸಿ ತೋರಿಸುತ್ತಾರೆ.