ಬಂಗಡೆ ವಾಸನೆ ಬರ್ತದೆ, ಮತ್ತೆ ಮಾಸ್ಕ್ ಯಾಕೆ?

ಕುಮಟಾ, 2020 ಅಕ್ಟೋಬರ್ 8, ಗುರುವಾರ

ಮೆಡಿಕಲ್ ಶಾಪಿನ ಶಟರ್ ಎತ್ತಿದಾಗಿಂದ ಇವತ್ತು ಒಂದೇ ಸುದ್ದಿ. ದಂಡ ಇಳೀತಂತೆ. ಮಾಸ್ಕ್ ಹಾಕದಿದ್ದರೆ ಮಹಾನಗರ ಪಾಲಿಕೆಯ ಊರುಗಳಲ್ಲಿ 1000, ಉಳಿದ ಕಡೆ 500 ರೂಪಾಯಿ ಎಂದು ಸರ್ಕಾರ ಈಗಷ್ಟೇ ಹೇಳಿತ್ತು. ನಿನ್ನೆ ಅದನ್ನು 250 ಮತ್ತು 100 ಮಾಡಿದೆ. ನಮ್ಮದು ಪುರಸಭೆ, ಹಾಗಾಗಿ ನೂರು. "ನೂರಾದ್ರೆ ಅಡ್ಡಿಲ್ಲ" ಅಂದರು ಒಬ್ಬರು, ಈರುಳ್ಳಿ ರೇಟು ಇಳಿದವರ ಹಾಗೆ ನಗುತ್ತಾ.

ಈ ದಂಡದಿಂದ ಮಾಸ್ಕ್ ಪೊಲೀಸರಿಗೆ ತೋರಿಸುವ ವಸ್ತು ಆಗಿಬಿಟ್ಟಿದೆ. ಜೀಪು ಕಂಡರೆ ಮೂಗಿಗೆ, ಜೀಪು ತಿರುಗಿದರೆ ಗದ್ದಕ್ಕೆ.

ಹಾಗಂತ ಜನರನ್ನು ಬೈಯಲು ನನಗೆ ಮನಸ್ಸಿಲ್ಲ. ಮಳೆ ಹಿಂದೆ ಸರಿಯುವಾಗಿನ ಈ ಸೆಕೆ ಘಟ್ಟದ ಮೇಲಿನವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಹಾಕಿದ ಬಟ್ಟೆ ಮಾಸ್ಕ್ ಹತ್ತು ಗಂಟೆಯೊಳಗೆ ಒದ್ದೆ. ಉಸಿರು ಎಳೆದರೆ ಬಟ್ಟೆ ಮೂಗಿಗೇ ಅಂಟುತ್ತದೆ. ಮಾತ್ರೆ ಸ್ಟ್ರಿಪ್ಪಿನ ಎಕ್ಸ್‌ಪೈರಿ ನೋಡಲು ತಲೆ ಬಗ್ಗಿಸಿದರೆ ನನ್ನ ಕನ್ನಡಕದ ಎರಡೂ ಗಾಜು ಮಬ್ಬು. ಮೀನು ಮಾರುವ ಅಕ್ಕ ಒಬ್ಬರು ಮುಲಾಮು ಕೇಳಲು ಬಂದು ಕಿವಿ ತೋರಿಸಿದರು. ಎಲಾಸ್ಟಿಕ್ ಉಜ್ಜಿ ಉಜ್ಜಿ ಕಿವಿ ಹಿಂದೆ ಕೆಂಪು ಗೆರೆ. ಓಲೆಗೆ ಸಿಕ್ಕಿ ಎಳೆದ ಕಡೆ ಚರ್ಮ ಎದ್ದಿದೆ. "ತಮಾ, ಬಾಯಿ ಮುಚ್ಕಂಡು ಮೀನು ಮಾರೂಕೆ ಆಗ್ತದ್ಯಾ?" ಅಂದರು. ಹೌದಲ್ವಾ? ಕೂಗಿ ಕರೆಯಬೇಕು, ಚೌಕಾಸಿ ಮಾಡಬೇಕು. ತಲೆ ಹಿಂದೆ ಕಟ್ಟುವ ಲಾಡಿಯ ಮಾಸ್ಕ್ ಕೊಟ್ಟೆ. ಒದ್ದೆಯಾದರೆ ಬದಲಿಸಿ ಅಂತ ಇನ್ನೊಂದು ಜಾಸ್ತಿ ಹಾಕಿದೆ. ಒದ್ದೆ ಮಾಸ್ಕ್ ಹಾಕಿಕೊಂಡು ಒದ್ದಾಡುವುದು ಸುಮ್ನೆ.

ಹೋಗುವಾಗ ಆ ಅಕ್ಕ ಇನ್ನೊಂದು ಪ್ರಶ್ನೆ ಕೇಳಿದರು. ಕೌಂಟರಿನಲ್ಲಿ ಎಷ್ಟೋ ಜನ ಕೇಳುವುದೂ ಅದನ್ನೇ. ಮಾಸ್ಕ್ ಒಳಗೆ ಬಂಗಡೆ ವಾಸನೆ ಬರುತ್ತದೆ ಅಂದ ಮೇಲೆ ಕೊರೋನಾ ಬರುವುದಿಲ್ವಾ? ಇದು ದಡ್ಡ ಪ್ರಶ್ನೆ ಅಲ್ಲ. ಮೀನಿನ ವಾಸನೆ ಒಂದು ಅನಿಲ, ಅದರ ಅಣು ಒಂದು ನ್ಯಾನೋಮೀಟರ್ ಕೂಡ ಇಲ್ಲ. ಯಾವ ಬಟ್ಟೆಯೂ ಅದನ್ನು ತಡೆಯುವುದಿಲ್ಲ, ಎನ್-95 ಕೂಡ. ವೈರಸ್ಸೇ ಸುಮಾರು ನೂರು ನ್ಯಾನೋಮೀಟರ್. ಅದೂ ಒಂಟಿಯಾಗಿ ಬರುವುದಿಲ್ಲ, ಮಾತಾಡುವಾಗ, ಕೆಮ್ಮುವಾಗ ಹಾರುವ ಹನಿಗಳಲ್ಲಿ ಬರುತ್ತದೆ. ಆ ಹನಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಎಲ್ಲವೂ ಅಲ್ಲ, ಆದರೆ ಬಹಳಷ್ಟು. ಬಟ್ಟೆ ಮಾಸ್ಕ್ ಮೂರು ಪದರ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಜೂನ್‌ನಲ್ಲೇ ಹೇಳಿದ್ದು ಇದಕ್ಕೇ. ಮಾಸ್ಕ್ ಮೊದಲು ಕಾಯುವುದು ಎದುರಿಗೆ ನಿಂತವರನ್ನು. ಈ ಮಾತು ಮಾತ್ರ ಯಾರ ತಲೆಗೂ ಬೇಗ ಹೋಗುವುದಿಲ್ಲ. "ನಂಗೇನೂ ಆಗಿಲ್ಲ, ನಾ ಯಾಕೆ ಹಾಕ್ಬೇಕು?"

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಸಾಲಿನಲ್ಲಿ ನಿಂತು ಬಾಯಿ ಬಿಡದೆ ಇರುವಾಗ ಎಲ್ಲರ ಮಾಸ್ಕೂ ಮೂಗಿನ ಮೇಲೆ ಸರಿಯಾಗಿರುತ್ತದೆ. ಸರದಿ ಬಂದು ಕೌಂಟರಿಗೆ ಬಾಗಿದ ಕೂಡಲೇ ಬೆರಳು ಹಾಕಿ ಕೆಳಗೆಳೆದು, ನನ್ನ ಮುಖದ ಹತ್ತಿರ ಬಂದು "ಬಿಪಿ ಮಾತ್ರೆ ಹತ್ತು" ಅಂತಾರೆ. ಹಾಕಬೇಕಾದ ಹೊತ್ತಿಗೇ ತೆಗೆಯುತ್ತಾರೆ! ಕಾರಣ ಇಲ್ಲದಿಲ್ಲ. ಬಾಯಿ ಮುಚ್ಚಿ ಹೇಳಿದ್ದು ಕೇಳಿಸದೆ ನಾನೇ "ಆಂ?" ಎನ್ನುತ್ತೇನೆ. ಕಿವಿ ಮಂದ ಇರುವ ಅಜ್ಜಂದಿರಿಗಂತೂ ನನ್ನ ತುಟಿ ಕಾಣದಿದ್ದರೆ ಅರ್ಧ ಮಾತು ಸಿಗುವುದೇ ಇಲ್ಲ.

ಅದಕ್ಕೆ ಮಧ್ಯಾಹ್ನ ರಟ್ಟಿನ ಮೇಲೆ ಬರೆದು ತೂಗುಹಾಕಿದೆ: "ಮಾತ್ರೆಯ ಹೆಸರು ಚೀಟಿಯಲ್ಲಿ ಬರೆದುಕೊಂಡು ಬನ್ನಿ."

ಸಂಜೆ ಒಬ್ಬರು ಬೋರ್ಡು ಓದಿ, ಅಲ್ಲೇ ಪೆನ್ನು ಕೇಳಿ, ನೀಟಾಗಿ ಬರೆದರು. ಆಮೇಲೆ ಮಾಸ್ಕ್ ಗದ್ದಕ್ಕೆ ಇಳಿಸಿ ಆ ಚೀಟಿಯನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು.