ಹಸು ಬೇಕಂತಲೇ ಹಾಲು ಎಳೆದುಕೊಳ್ಳುತ್ತದೆಯೇ?

ದನಗಳ ಶರೀರಕ್ರಿಯೆ ನನ್ನ ಓದು, ನನ್ನ ಕೆಲಸ ಎಂದು ಗೊತ್ತಾದ ಕೂಡಲೇ ಹಸು ಸಾಕುವವರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ನಮ್ಮ ಹಸು ಕೆಲವು ದಿನ ಹಾಲು ಮೇಲಕ್ಕೆ ಎಳ್ಕೊಂಡುಬಿಡುತ್ತೆ. ಬೇಕಂತಲೇ ಮಾಡುತ್ತಾ?" ಪ್ರಶ್ನೆಯ ಜೊತೆಗೆ ಹಸುವಿನ ಮೇಲೊಂದು ಸಣ್ಣ ದೂರೂ ಇರುತ್ತದೆ.

ಬೇಕಂತ ಮಾಡುವುದಿಲ್ಲ. ಮಾಡಬೇಕೆಂದರೂ ಅದಕ್ಕೆ ಆಗುವುದಿಲ್ಲ. ಇಳಿದ ಹಾಲನ್ನು ಇಷ್ಟಬಂದಾಗ ಮೇಲಕ್ಕೆ ಎಳೆಯಲು ಬೇಕಾದ ಸ್ನಾಯು ಕೆಚ್ಚಲಿನಲ್ಲಿ ಇಲ್ಲವೇ ಇಲ್ಲ. ತೊಟ್ಟಿನ ತುದಿಯಲ್ಲಿ ಬಿಗಿ ಹಿಡಿಯುವ ಸ್ನಾಯು ಒಂದಿದೆ, ನಿಜ. ಆದರೆ ಅದು ಕರುಳಿನ ಸ್ನಾಯುವಿನ ಜಾತಿಯದು, ಮನಸ್ಸು ಹೇಳಿದ್ದನ್ನು ಕೇಳುವಂಥದ್ದಲ್ಲ. ಆ ದಿನ ಹಾಲು ಇಳಿದೇ ಇರುವುದಿಲ್ಲ, ಅಷ್ಟೇ.

ಹಾಲು ತಯಾರಾಗುವುದು ಕೆಚ್ಚಲಿನೊಳಗಿನ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳಲ್ಲಿ. ಒಂದು ಲೀಟರ್ ಹಾಲಾಗಬೇಕಾದರೆ ಅವುಗಳ ಸುತ್ತ ಸುಮಾರು 400ರಿಂದ 500 ಲೀಟರ್ ರಕ್ತ ಹರಿದುಹೋಗಬೇಕು. ತಯಾರಾದ ಹಾಲೆಲ್ಲ ತಾನಾಗಿ ಕೆಳಗೆ ಬರುವುದಿಲ್ಲ. ಹನ್ನೆರಡು ಗಂಟೆಗೊಮ್ಮೆ ಕರೆಯುವ ಹಸುವಿನಲ್ಲಿ ಶೇ. 20ರಷ್ಟು ಮಾತ್ರ ತೊಟ್ಟಿನ ಮೇಲಿರುವ ಟೊಳ್ಳು ಜಾಗಕ್ಕೆ ಇಳಿದಿರುತ್ತದೆ. ಉಳಿದ ಶೇ. 80 ಆ ಗೂಡುಗಳಲ್ಲೇ, ಹಿಂಡದ ಒದ್ದೆ ಬಟ್ಟೆಯಲ್ಲಿ ನೀರು ನಿಂತ ಹಾಗೆ ನಿಂತಿರುತ್ತದೆ. ಎಮ್ಮೆಯಲ್ಲಂತೂ ಕೆಳಗಿರುವುದು ಶೇ. 5ರ ಆಸುಪಾಸು. ಮೇಕೆಯದು ಇದಕ್ಕೆ ತಿರುಗುಮುರುಗು, ಬಹುಪಾಲು ಕೆಳಗೇ ಇರುತ್ತದೆ. ಅದಕ್ಕೇ ಮೇಕೆ ಯಾರು ಕೂತು ಕರೆದರೂ ಕೊಡುತ್ತದೆ, ಎಮ್ಮೆ ಮುನಿಸಿನದು ಎಂಬ ಹೆಸರು ಹೊತ್ತಿದೆ.

ಆ ಗೂಡುಗಳನ್ನು ಹಿಂಡುವುದು ನಮ್ಮ ಕೈಯೂ ಅಲ್ಲ, ಯಂತ್ರವೂ ಅಲ್ಲ. ಪ್ರತಿ ಗೂಡಿನ ಸುತ್ತ ಬಲೆಯಂತೆ ಸುತ್ತಿಕೊಂಡ ಜೀವಕೋಶಗಳಿವೆ. ಕರು ಬಾಯಿ ಹಾಕಿದಾಗ ಅಥವಾ ಕೈ ತೊಟ್ಟನ್ನು ಸವರಿದಾಗ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಕೆಚ್ಚಲಿಗೆ ಬಂದು ತಲುಪಿದ ಮೇಲೆ ಆ ಜೀವಕೋಶಗಳು ಬಿಗಿದು ಹಾಲನ್ನು ಕೆಳಕ್ಕೆ ದೂಡುತ್ತವೆ. ತೊಟ್ಟು ಮುಟ್ಟಿದ್ದರಿಂದ ಹಾಲು ಇಳಿಯುವವರೆಗೆ ಮುಕ್ಕಾಲು ನಿಮಿಷದಿಂದ ಎರಡು ನಿಮಿಷ. ಕೆಚ್ಚಲು ತುಂಬಿದ್ದರೆ ಬೇಗ, ಅರೆತುಂಬಿದ್ದರೆ ನಿಧಾನ.

ಅವಸರದವರು ತಪ್ಪುವುದು ಇಲ್ಲೇ. ತೊಟ್ಟು ಒರೆಸಿದ ತಕ್ಷಣ ಯಂತ್ರ ಹಾಕಿದರೆ ಕೆಳಗಿದ್ದ ಹಾಲು ಭರ್ರನೆ ಬರುತ್ತದೆ, ಆಮೇಲೆ ನಿಂತೇ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ಪಾರದರ್ಶಕ ನಳಿಗೆ ಇದ್ದರೆ ಕಣ್ಣಾರೆ ಕಾಣಬಹುದು. ನಡುವಿನ ಆ ಬಿಡುವಿನಲ್ಲಿ ಯಂತ್ರ ಎಳೆಯುವುದು ಖಾಲಿ ತೊಟ್ಟನ್ನು. ಹಸು ಕಾಲು ಎತ್ತಿ ಎತ್ತಿ ಇಡುತ್ತದೆ. ಅದನ್ನು ತುಂಟತನ ಎಂದುಕೊಂಡು ಗದರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಗದರಿದರೆ ಏನಾಗುತ್ತದೆ? 1941ರಲ್ಲಿ ಅಮೆರಿಕದ ಎಲೀ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಇದನ್ನು ವಿಚಿತ್ರ ರೀತಿಯಲ್ಲಿ ಪರೀಕ್ಷಿಸಿದರು. ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿದರು. ಎರಡು ನಿಮಿಷ, ಹತ್ತು ಸೆಕೆಂಡಿಗೊಂದರಂತೆ ಕಾಗದದ ಚೀಲ ಊದಿ ಒಡೆದರು. ಹಾಲು ಸರಿಯಾಗಿ ಇಳಿಯಲಿಲ್ಲ. ಹೆದರಿದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಎಂಬ ಹಾರ್ಮೋನನ್ನು ಚುಚ್ಚಿದಾಗಲೂ ಅದೇ ಕಥೆ. ಕೆಚ್ಚಲಿನ ಅರ್ಧಭಾಗದ ನರ ಕತ್ತರಿಸಿ ನೋಡಿದರೆ ಹಾಲು ಎರಡೂ ಕಡೆ ಇಳಿಯಿತು. ಅಂದರೆ ಅಪ್ಪಣೆ ಬರುತ್ತಿರುವುದು ನರದಲ್ಲಲ್ಲ, ರಕ್ತದಲ್ಲಿ. ಬೆಕ್ಕಿನ ಅಗತ್ಯವಿಲ್ಲವೆಂದು ಆಮೇಲೆ ಅದನ್ನು ಕೈಬಿಟ್ಟರಂತೆ.

ಆಗ ಅಡ್ರಿನಲಿನ್ ಅನ್ನೇ ಕಾರಣವೆಂದರು. ಅದು ಕಥೆಯ ಅರ್ಧ ಮಾತ್ರ. 1990ರ ದಶಕದಲ್ಲಿ ಹಸುಗಳನ್ನು ಪರಿಚಯವಿಲ್ಲದ ಜಾಗಕ್ಕೆ ಕರೆದೊಯ್ದು ಕರೆಯುತ್ತ ರಕ್ತ ಪರೀಕ್ಷಿಸಿದಾಗ ಆಕ್ಸಿಟೋಸಿನ್ ಏರಲೇ ಇಲ್ಲ. ಹೊರಗಿನಿಂದ ಆಕ್ಸಿಟೋಸಿನ್ ಕೊಟ್ಟಾಗ ಹಾಲು ಇಳಿಯಿತು. ಹಾಲಿತ್ತು, ಕೆಚ್ಚಲೂ ಸರಿಯಿತ್ತು. ಮಿದುಳೇ ಅಪ್ಪಣೆ ಕೊಟ್ಟಿರಲಿಲ್ಲ. ಹೊಸದಾಗಿ ಕೊಂಡು ತಂದ ಹಸು, ಮೊದಲ ಸಲ ಕರು ಹಾಕಿದ ಹಸು ಮೊದಮೊದಲು ಸತಾಯಿಸುವುದು ಇದರಿಂದಲೇ.

ನನಗೆ ತುಂಬ ಮೆಚ್ಚುಗೆಯಾದದ್ದು 1999ರಲ್ಲಿ ರಶೆನ್, ದ ಪಸಿಯೆ ಮತ್ತು ಮುಂಕ್ಸ್‌ಗಾರ್ಡ್ ಪ್ರಕಟಿಸಿದ ಪ್ರಯೋಗ. ಒಬ್ಬರು ಹಸುಗಳನ್ನು ಮೃದುವಾಗಿ ನೋಡಿಕೊಂಡರು, ಇನ್ನೊಬ್ಬರು ಒರಟಾಗಿ. ಹಸುಗಳು ಇಬ್ಬರನ್ನೂ ಗುರುತು ಹಿಡಿದವು. ಆಮೇಲೆ ಕರೆಯುವ ಹೊತ್ತಿಗೆ ಒರಟು ವ್ಯಕ್ತಿ ಹತ್ತಿರ ನಿಂತಿದ್ದರೆ ಸಾಕು, ಕರೆದ ಮೇಲೂ ಒಳಗೇ ಉಳಿಯುವ ಹಾಲು ಶೇ. 70ರಷ್ಟು ಹೆಚ್ಚಾಯಿತು. ಏಟು ಬಿದ್ದದ್ದು ಯಾವತ್ತೋ, ಹಾಲು ಉಳಿದದ್ದು ಇವತ್ತು.

ಒಂದು ಹೊತ್ತು ಒಳಗೆ ಉಳಿದರೆ ಮುಂದಿನ ಹೊತ್ತಿಗೆ ಬರುತ್ತದಲ್ಲ ಎನ್ನಬಹುದು. ಅಪರೂಪಕ್ಕಾದರೆ ಸರಿ. ದಿನಾ ಹಾಗೇ ಆದರೆ ಹಾಲಿನ ಉತ್ಪತ್ತಿಯೇ ಇಳಿಯುತ್ತದೆ. ಮೇಕೆಯ ಕೆಚ್ಚಲಿನ ಒಂದು ಬದಿಯನ್ನು ಮಾತ್ರ ಹೆಚ್ಚು ಸಲ ಕರೆದು ನೋಡಿದವರಿಗೆ ಆ ಬದಿಯಲ್ಲಿ ಮಾತ್ರ ಹಾಲು ಹೆಚ್ಚಿದ್ದು ಕಂಡಿತು. ಎರಡೂ ಬದಿಗೆ ಹರಿಯುವ ರಕ್ತ ಒಂದೇ, ಮೇವೂ ಒಂದೇ. ಅಲ್ಲಿಗೆ, ಎಷ್ಟು ಹಾಲು ಉಳಿದಿದೆ ಎಂಬ ಲೆಕ್ಕ ನಡೆಯುವುದು ಕೆಚ್ಚಲಿನ ಆಯಾ ಭಾಗದೊಳಗೇ. ಉಳಿದರೆ ಮುಂದಕ್ಕೆ ಕಡಿಮೆ ತಯಾರಿ.

ಹಾಗಾದರೆ ಇಂಜೆಕ್ಷನ್ ಕೊಟ್ಟರಾಯಿತಲ್ಲ? ವೈದ್ಯರು ನೋಡಿ ಒಂದೆರಡು ಸಲ ಕೊಡುವುದು ಬೇರೆ. ದಿನವೂ ಆಕ್ಸಿಟೋಸಿನ್ ಚುಚ್ಚಿಸಿಕೊಂಡ ಹಸುಗಳಿಗೆ ಅದನ್ನು ನಿಲ್ಲಿಸಿದ ಮೇಲೆ ತಾವಾಗಿ ಹಾಲು ಇಳಿಸುವ ಶಕ್ತಿ ಕುಂದಿದ್ದು ಪ್ರಯೋಗಗಳಲ್ಲಿ ಕಂಡಿದೆ. ಕೆಚ್ಚಲು ದೊಡ್ಡ ಪ್ರಮಾಣಕ್ಕೆ ಒಗ್ಗಿಹೋಗಿ, ಮಿದುಳು ಕೊಡುವ ಅಷ್ಟಿಷ್ಟಕ್ಕೆ ಜಗ್ಗುವುದಿಲ್ಲ. ಚುಚ್ಚಿಸುವವರು ಮುಂದಿನ ತಿಂಗಳ ಕಷ್ಟವನ್ನು ಇವತ್ತೇ ಕೊಳ್ಳುತ್ತಿದ್ದಾರೆ ಎಂದು ನನ್ನ ಅಭಿಪ್ರಾಯ.

ಹೆಸರಿಟ್ಟು ಕರೆದರೆ ಹಾಲು ಹೆಚ್ಚುತ್ತದಂತೆ, ಎಂಬ ಉಪಪ್ರಶ್ನೆಯೂ ಬರುತ್ತದೆ. ಇದರ ಮೂಲ ಬ್ರಿಟನ್ನಿನ 516 ಹೈನುಗಾರರ ಸಮೀಕ್ಷೆ. ಹಸುಗಳಿಗೆ ಹೆಸರಿಟ್ಟವರಲ್ಲಿ ವರ್ಷಕ್ಕೆ 258 ಲೀಟರ್ ಹೆಚ್ಚು ಹಾಲು ಕಂಡಿತ್ತು. 2009ರಲ್ಲಿ ಅದಕ್ಕೆ ಇಗ್ ನೊಬೆಲ್ ಎಂಬ ನಗೆಬಹುಮಾನವೂ ಸಿಕ್ಕಿತು. ಹೆಸರಿನಿಂದ ಹಾಲು ಬಂತೆಂದು ನಾನು ಒಪ್ಪುವುದಿಲ್ಲ. ಹೆಸರಿಡುವಷ್ಟು ಹತ್ತಿರವಿರುವವರು ಕುಂಟುವ ಕಾಲನ್ನು, ಬಿಟ್ಟ ಮೇವನ್ನು ಬೇಗ ಗಮನಿಸಿರುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ನಾನು ತಿರುಗಿ ಕೇಳುವುದೊಂದಿದೆ: ಕರೆದಾದ ಮೇಲೆ ಕೆಚ್ಚಲು ಮುಟ್ಟಿ ನೋಡಿದಿರಾ? ನಾಲ್ಕೂ ಭಾಗ ಬಿಗಿಯಾಗಿಯೇ ಉಳಿದಿದ್ದರೆ ಹಾಲು ಇಳಿದಿಲ್ಲ. ಕರೆಯುವುದಕ್ಕೆ ಮುಂಚಿನ ಕಾಲು ಗಂಟೆಯಲ್ಲಿ ಏನು ನಡೆಯಿತೆಂದು ಹುಡುಕಿ. ಹೊಸ ಕೈಯೋ, ನಾಯಿಯೋ, ಜಾಗ ಬದಲಾಯಿತೋ, ಕರುವನ್ನು ದೂರ ಕಟ್ಟಿದಿರೋ. ಕೆಚ್ಚಲು ಮೆತ್ತಗೆ ಸುಕ್ಕುಬಿದ್ದಿದ್ದರೆ ಹಾಲು ತಯಾರಾದದ್ದೇ ಅಷ್ಟು; ಅದಕ್ಕೆ ಕಾರಣ ಮೇವು, ನೀರು, ಬಿಸಿಲಿನಲ್ಲಿ ಇರಬಹುದು. ಒಂದೇ ಭಾಗ ಗಟ್ಟಿಯಾಗಿ, ಮುಟ್ಟಿದರೆ ಬಿಸಿಯಾಗಿದ್ದರೆ ಮಾತ್ರ ಇದ್ಯಾವುದೂ ಅಲ್ಲ. ಆಕ್ಸಿಟೋಸಿನ್ ರಕ್ತದಲ್ಲಿ ಬರುವುದರಿಂದ ನಾಲ್ಕಕ್ಕೂ ಒಟ್ಟಿಗೇ ತಲುಪುತ್ತದೆ, ಒಂದನ್ನಷ್ಟೇ ಬಿಡುವುದಿಲ್ಲ. ಅದು ಕೆಚ್ಚಲುಬಾವು ಇದ್ದೀತು, ಅವತ್ತೇ ಪಶುವೈದ್ಯರಿಗೆ ತೋರಿಸಿ.